ಬೈಕಿನ ಹಗ್ಗ ಹ್ಯಾಂಡಲ್‌ಗೆ ಬೇಡ

ಮಾನ್ಯ ಸಂಪಾದಕರೇ,

ಮೇ ತಿಂಗಳು ಬಂತೆಂದರೆ ನಮ್ಮ ಪಿಂಪ್ರಿ-ಚಿಂಚವಾಡದಲ್ಲಿ ಮನೆ ಖಾಲಿ ಮಾಡುವವರು ಜಾಸ್ತಿ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ವರ್ಗವಾದವರು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಅಂತ ಹೊರಡುತ್ತಾರೆ. ಫ್ರಿಜ್ಜು, ಕಪಾಟು, ಪಾತ್ರೆ ಚೀಲಗಳೆಲ್ಲ ಹತ್ತಿದ ಮೇಲೆ ಕೊನೆಗೆ ಟೆಂಪೋ ಹತ್ತುವುದು ಬೈಕು. ಅದನ್ನು ಹೇಗೆ ಕಟ್ಟುತ್ತಾರೆ ಎಂಬುದರ ಬಗ್ಗೆಯೇ ಈ ಪತ್ರ.

ಕಳೆದ ವರ್ಷ ನನ್ನ ಮಗಳಿಗೆ ಧಾರವಾಡಕ್ಕೆ ವರ್ಗವಾಯಿತು. ಅವಳದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕು. ಸುಮಾರು 195 ಕಿಲೋ ತೂಗುವ ಗಾಡಿ. ಸಾಮಾನು ಸಾಗಿಸುವವರು ಅದನ್ನು ಟೆಂಪೋದಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರು. ಹ್ಯಾಂಡಲ್‌ನ ಎರಡು ತುದಿಗೆ ನೈಲಾನ್ ಹಗ್ಗ ಸುತ್ತಿ, ಆ ಕಡೆ ಈ ಕಡೆ ಎಳೆದು ಗಂಟು ಹಾಕಿದರು. ಹಿಂದಿನ ಭಾಗಕ್ಕೆ ಏನೂ ಕಟ್ಟಲಿಲ್ಲ. ಇಷ್ಟು ಸಾಕಾ ಎಂದು ಕೇಳಿದೆ. ‘ರೋಜಚಂಚ ಕಾಮ ಆಹೇ, ಕಾಕಾ’ ಎಂದರು. ದಿನಾ ಮಾಡುವ ಕೆಲಸ ಅಂದ ಮೇಲೆ ನಾನೂ ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಟೆಂಪೋ ಹಿಂದೆಯೇ ನಾವು ಕಾರಿನಲ್ಲಿದ್ದೆವು. ಕಾತ್ರಜ್ ಸುರಂಗ ಆಯಿತು, ಶಿರವಳ ಆಯಿತು. ಖಂಬಾಟಕಿ ಘಾಟ್ ಏರುವಾಗ ಒಂದು ತಿರುವಿನಲ್ಲಿ ಬೈಕು ಮೆಲ್ಲಗೆ ವಾಲತೊಡಗಿತು. ಹಾರ್ನ್ ಹೊಡೆಯುವಷ್ಟರಲ್ಲಿ ಬಿದ್ದೇಬಿಟ್ಟಿತು. ಹಿಂದಿನ ಹಲಗೆ ತಡೆದಿದ್ದರಿಂದ ರಸ್ತೆಗೆ ಬೀಳಲಿಲ್ಲ. ನಮ್ಮ ಕಾರಿಗೂ ಆ ಟೆಂಪೋಗೂ ನಡುವೆ ಒಂದು ಸ್ಕೂಟರ್ ಇತ್ತು. ಗಂಡ, ಹೆಂಡತಿ, ಮುಂದೆ ನಿಂತ ಪುಟ್ಟ ಮಗು. ಆ ಹಲಗೆಯ ಚಿಲಕ ಸಡಿಲವಾಗಿದ್ದಿದ್ದರೆ? ಇವತ್ತಿಗೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ. ಟ್ಯಾಂಕ್ ನೆಗ್ಗಿತ್ತು. ಹ್ಯಾಂಡಲ್ ಸೊಟ್ಟಗಾಗಿತ್ತು. ಪೆಟ್ರೋಲ್ ಸೋರಿ ಹಾಸಿಗೆ ಗಂಟುಗಳೆಲ್ಲ ನೆಂದಿದ್ದವು.

ಘಾಟ್ ಇಳಿದ ಮೇಲೆ ಒಂದು ಢಾಬಾದಲ್ಲಿ ನಿಲ್ಲಿಸಿದೆವು. ಬೈಕುಗಳನ್ನೇ ಸಾಗಿಸುವ ಲಾರಿಯೊಂದು ಅಲ್ಲಿ ನಿಂತಿತ್ತು. ಚಾಲಕರು ವಿಜಯಪುರದ ಕಡೆಯವರು. ನಮ್ಮ ಕನ್ನಡ ಕೇಳಿ ತಾವಾಗಿಯೇ ಹತ್ತಿರ ಬಂದರು. ‘ಗಾಡಿ ಸ್ಟ್ಯಾಂಡ್ ಮ್ಯಾಲ ನಿಲ್ಲಬಾರ್ದು ತಂಗಿ, ಬೆಲ್ಟಿನ ಮ್ಯಾಲ ನಿಲ್ಲಬೇಕು’ ಎಂದು ಮಗಳಿಗೆ ಹೇಳಿದರು. ಹೇಳಿ ಹೋಗಲಿಲ್ಲ. ತಮ್ಮ ಲಾರಿಯಿಂದ ನಾಲ್ಕು ರ‍್ಯಾಚೆಟ್ ಬೆಲ್ಟ್, ಅಂದರೆ ಹಿಡಿ ಆಡಿಸಿ ಹಲ್ಲು ಹಲ್ಲಾಗಿ ಬಿಗಿಯುವ ಪಟ್ಟಿ, ತಂದು ಕಟ್ಟಿಕೊಟ್ಟರು.

ಅವರು ಮೊದಲು ಮಾಡಿದ್ದು ಸ್ಟ್ಯಾಂಡ್ ಎತ್ತಿದ್ದು. ಬೈಕನ್ನು ಎರಡು ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿದರು. ಮುಂದಿನ ಚಕ್ರ ಟೆಂಪೋದ ಮುಂಗೋಡೆಗೆ ತಾಗಿ, ಅತ್ತಿತ್ತ ಹೊರಳದ ಹಾಗೆ ಎರಡೂ ಬದಿಗೆ ಮರದ ತುಂಡು ಕೊಟ್ಟರು. ಗಾಡಿ ಮೊದಲನೇ ಗೇರಿನಲ್ಲಿ. ಮುಂದಿನ ಎರಡು ಬೆಲ್ಟುಗಳನ್ನು ಹ್ಯಾಂಡಲ್‌ಗೆ ಮುಟ್ಟಿಸಲೇ ಇಲ್ಲ. ಅದರ ಕೆಳಗೆ, ಮುಂದಿನ ಚಕ್ರದ ಎರಡೂ ಬದಿಯ ಫೋರ್ಕ್ ಪೈಪುಗಳನ್ನು ಹಿಡಿದುಕೊಂಡಿರುವ ದಪ್ಪ ಲೋಹದ ಪಟ್ಟಿ ಇರುತ್ತದಲ್ಲ, ಅಲ್ಲಿಗೆ ಹಾಕಿದರು. ಹ್ಯಾಂಡಲ್ ತಿರುಗುತ್ತದೆ, ಬಾಗುತ್ತದೆ. ಆ ಪಟ್ಟಿ ಬಾಗುವುದಿಲ್ಲ. ಕ್ಲಚ್ ವೈರು, ಬ್ರೇಕ್ ಪೈಪು ಬೆಲ್ಟಿನಡಿ ಸಿಕ್ಕಿಕೊಂಡಿಲ್ಲ ಎಂದು ಕೈಯಾಡಿಸಿ ನೋಡಿದರು. ಬೆಲ್ಟುಗಳು ಕೆಳಕ್ಕೂ ಮುಂದಕ್ಕೂ ಹೊರಕ್ಕೂ ಎಳೆಯುವಂತೆ, ಹೆಚ್ಚುಕಡಿಮೆ 45 ಡಿಗ್ರಿ ಓರೆಯಲ್ಲಿದ್ದವು.

ಆಮೇಲೆ ರ‍್ಯಾಚೆಟ್ ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಸ್ವಲ್ಪ ಬಿಗಿದರು. ಮುಂದಿನ ಶಾಕ್ ಅಬ್ಸಾರ್ಬರ್ ಅರ್ಧದಷ್ಟು ಕೆಳಗೆ ಕೂತಿತು. ಇದೇ ಮುಖ್ಯ ಎಂದರು. ಶಾಕ್ ಪೂರ್ತಿ ಮೇಲಿದ್ದಾಗ ಕಟ್ಟಿದರೆ, ಟೆಂಪೋ ಗುಂಡಿಗೆ ಇಳಿದಾಗಲೆಲ್ಲ ಬೈಕು ಕುಗ್ಗುತ್ತದೆ, ಹಗ್ಗ ಸಡಿಲವಾಗುತ್ತದೆ. ನೂರು ಸಲ ಹಾಗಾದ ಮೇಲೆ ಯಾವ ಗಂಟು ನಿಲ್ಲುತ್ತದೆ ಹೇಳಿ. ನಮಗೆ ಆಗಿದ್ದು ಅದೇ. ಮೊದಲೇ ಅರ್ಧ ಅದುಮಿ ಕಟ್ಟಿದರೆ ಒಳಗಿನ ಸ್ಪ್ರಿಂಗ್ ಯಾವಾಗಲೂ ಮೇಲಕ್ಕೆ ನೂಕುತ್ತಿರುತ್ತದೆ, ಬೆಲ್ಟು ಬಿಗಿಯಾಗಿಯೇ ಇರುತ್ತದೆ. ಹಾಗಂತ ಪೂರ್ತಿ ಅದುಮಬಾರದು. ಶಾಕ್‌ನ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲಿಗೆ ಪೆಟ್ಟು.

ಹಿಂದಿನ ಎರಡು ಬೆಲ್ಟು ಚಾಸಿಗೆ, ಅಂದರೆ ಬೈಕಿನ ಲೋಹದ ಚೌಕಟ್ಟಿಗೆ. ಅವು ಹಿಂಭಾಗ ಅಡ್ಡಕ್ಕೆ ಜಾರದಂತೆ ತಡೆದರೆ ಸಾಕು, ಅಷ್ಟು ಬಿಗಿ ಬೇಡವಂತೆ. ಜೋತಾಡುವ ತುದಿಗಳನ್ನೆಲ್ಲ ಸುತ್ತಿ ಕಟ್ಟಿದರು. ನೈಲಾನ್ ಹಗ್ಗ ಭಾರಕ್ಕೆ ಹಿಗ್ಗುತ್ತದೆ, ನೆಂದರೆ ಇನ್ನೂ ಹಿಗ್ಗುತ್ತದೆ. ಬೆಲ್ಟಿಗೆ ಆ ತೊಂದರೆ ಕಡಿಮೆ. ಆದರೂ ಹದಿನೈದು ಇಪ್ಪತ್ತು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಲೇಬೇಕು ಎಂದರು. ಸಾತಾರಾದಲ್ಲಿ ನಿಲ್ಲಿಸಿದಾಗ ಒಂದು ಬೆಲ್ಟು ನಿಜವಾಗಿಯೂ ಒಂದೆರಡು ಹಲ್ಲು ಸಡಿಲವಾಗಿತ್ತು. ಅಲ್ಲಿಂದ ಧಾರವಾಡದವರೆಗೆ ಬೈಕು ಅಲುಗಾಡಲಿಲ್ಲ.

ಈಚೆಗೆ ಪುಣೆಯ ಹುಡುಗರು ಜೀಪಿನ ಹಿಂದೆ ಪುಟ್ಟ ಟ್ರೇಲರ್ ಸಿಕ್ಕಿಸಿಕೊಂಡು, ಅಂಬೋಲಿ ಘಾಟ್ ಇಳಿದು ಗೋವಾಕ್ಕೆ ಬೈಕ್ ಒಯ್ಯುತ್ತಾರೆ. ಅವರೂ ಕಟ್ಟುವುದು ಹೀಗೇ ಇರಬೇಕು. ಜೊತೆಗೆ ಟ್ರೇಲರಿನಲ್ಲಿ ಬೈಕಿನ ಭಾರ ಚಕ್ರಗಳ ಅಚ್ಚಿಗಿಂತ ಸ್ವಲ್ಪ ಮುಂದಿರಲಿ. ಹಿಂದಕ್ಕಾದರೆ ವೇಗದಲ್ಲಿ ಟ್ರೇಲರ್ ಹಾವಿನ ಹಾಗೆ ಹೊಯ್ದಾಡುತ್ತದೆ. ಜೀಪಿಗೂ ಟ್ರೇಲರಿಗೂ ನಡುವೆ ಸುರಕ್ಷತೆಯ ಸರಪಳಿ ಮರೆಯಬೇಡಿ.

ಪುಣೆ, ಮುಂಬೈಗಳಲ್ಲಿ ಸಾಮಾನು ಸಾಗಿಸುವ ವ್ಯವಹಾರ ಮಾಡುವ ಮಾಲೀಕರಲ್ಲಿ ನನ್ನ ವಿನಂತಿ. ಬೈಕ್ ಒಯ್ಯುವ ಪ್ರತಿ ಗಾಡಿಯಲ್ಲೂ ಒಂದು ಬೈಕಿಗೆ ನಾಲ್ಕರಂತೆ ಬೆಲ್ಟ್ ಇಡಿ. ಹುಡುಗರಿಗೆ ಒಂದು ದಿನ ಕೂರಿಸಿ ಕಲಿಸಿ. ಬಾಡಿಗೆಯ ರಸೀದಿಯಲ್ಲಿ ಸೋಫಾ, ಫ್ಯಾನು ಎಲ್ಲ ಬರೆಯುತ್ತೀರಿ. ಬೈಕನ್ನು ಹೇಗೆ ಕಟ್ಟಿದ್ದೀರಿ ಎಂದೂ ಬರೆಯಿರಿ. ಹೆದ್ದಾರಿ ಪೊಲೀಸರು ಟೋಲ್ ನಾಕಾದಲ್ಲಿ ತೆರೆದ ಟೆಂಪೋದ ಬೈಕುಗಳ ಮೇಲೆ ಒಂದು ಕಣ್ಣು ಹಾಯಿಸಿದರೂ ಸಾಕು. ಹ್ಯಾಂಡಲ್‌ಗೆ ಹಗ್ಗ ಕಟ್ಟಿದ್ದು ದೂರದಿಂದಲೇ ಕಾಣುತ್ತದೆ.

ಧಾರವಾಡದಿಂದ ಮರಳಿದ ಮೇಲೆ ನಾನು ನಾಲ್ಕು ಬೆಲ್ಟ್ ಕೊಂಡು ನಮ್ಮ ಸೊಸೈಟಿಯ ವಾಚ್‌ಮನ್ ಕೋಣೆಯಲ್ಲಿ ಇಟ್ಟಿದ್ದೇನೆ. ಈ ಮೇನಲ್ಲಿ ಮೂರು ಮನೆಯವರು ಒಯ್ದು, ಕೆಲಸ ಮುಗಿಸಿ ತಂದಿಟ್ಟಿದ್ದಾರೆ. ಕಟ್ಟುವಾಗ ಕರೆದರೆ ನಾನೂ ಹೋಗುತ್ತೇನೆ.

ಇಂತಿ,
ಒಬ್ಬ ಓದುಗ
ನಿಗಡಿ, ಪುಣೆ