ತಡೆ ಪಿಸ್ತೂಲಿನ ಒಳಗೇ ಇರಲಿ

ಮಾನ್ಯ ಸಂಪಾದಕರೇ,

ಪಿಸ್ತೂಲು ತಯಾರಿಸುವ ಗ್ಲಾಕ್ ಕಂಪನಿ ಹಲವು ಹಳೆಯ ಮಾದರಿಗಳನ್ನು ಕೈಬಿಟ್ಟು ‘ವಿ’ ಸರಣಿಯ ಪಿಸ್ತೂಲುಗಳನ್ನು ತರುವುದಾಗಿ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಅದೇ ತಿಂಗಳು ಕ್ಯಾಲಿಫೋರ್ನಿಯದಲ್ಲಿ, ಸುಲಭವಾಗಿ ಮೆಷಿನ್‌ಗನ್ ಆಗಿ ಮಾರ್ಪಡಿಸಬಹುದಾದ ಪಿಸ್ತೂಲುಗಳನ್ನು ಅಂಗಡಿಯವರು 2026ರ ಜುಲೈ 1ರಿಂದ ಮಾರಬಾರದು ಎಂಬ ಕಾಯ್ದೆಗೆ ಗವರ್ನರ್ ಸಹಿ ಬಿದ್ದಿತ್ತು. ಇದಕ್ಕೂ ಮೊದಲೇ, 2024ರಲ್ಲಿ, ಷಿಕಾಗೊ ನಗರ ಇದೇ ಮಾರ್ಪಾಡಿನ ವಿಚಾರಕ್ಕೆ ಗ್ಲಾಕ್ ಕಂಪನಿಯನ್ನು ನ್ಯಾಯಾಲಯಕ್ಕೆ ಎಳೆದಿತ್ತು.

‘ಅಕ್ರಮ ಮಾಡುವವನು ಬೇರೆ, ತಯಾರಕರದೇನು ತಪ್ಪು?’ ಎಂಬ ವಾದ ಮೇಲ್ನೋಟಕ್ಕೆ ಸರಿ. ಆದರೆ ಪಿಸ್ತೂಲನ್ನು ಮೆಷಿನ್‌ಗನ್ ಆಗಿಸುವ ‘ಸ್ವಿಚ್’ ಎನ್ನುವ ಸಾಧನ ಒಂದು ನಾಣ್ಯದಷ್ಟು ಗಾತ್ರದ್ದು. ಅದು ಸೇರಿದ ಪಿಸ್ತೂಲು, ಟ್ರಿಗರ್‌ನಿಂದ ಬೆರಳು ತೆಗೆಯುವವರೆಗೂ ನಿಮಿಷಕ್ಕೆ ಸುಮಾರು 1,200ರ ವೇಗದಲ್ಲಿ ಗುಂಡು ಉಗುಳುತ್ತದೆ. 17 ಗುಂಡುಗಳ ಮ್ಯಾಗಜಿನ್ ಒಂದು ಸೆಕೆಂಡಿನೊಳಗೆ ಖಾಲಿ. ಭುಜಕ್ಕೆ ಊರಿ ಹಿಡಿಯಲಾಗದ, ಬರಿದಾಗಿದ್ದಾಗ ಮುಕ್ಕಾಲು ಕಿಲೋ ಕೂಡ ತೂಗದ ಆಯುಧ ಆ ಒದೆತಕ್ಕೆ ಮೂತಿ ಎತ್ತಿಬಿಡುತ್ತದೆ. ಮೊದಲ ಒಂದೆರಡು ಗುಂಡು ಗುರಿಯತ್ತ ಹೋದರೆ ಉಳಿದವು ಮಹಡಿಯ ಕಿಟಕಿಗೋ ದಾರಿಹೋಕರಿಗೋ.

ಕಾನೂನೇನೂ ಸಡಿಲವಿಲ್ಲ. ಅಮೆರಿಕದಲ್ಲಿ ಪಿಸ್ತೂಲಿಲ್ಲದೆ ಬರೀ ಸ್ವಿಚ್ ಸಿಕ್ಕರೂ ಅದು ಮೆಷಿನ್‌ಗನ್ ಎಂದೇ ಲೆಕ್ಕ, 10 ವರ್ಷದವರೆಗೆ ಜೈಲು. ಆದರೂ ಬಂದೂಕುಗಳ ಮೇಲೆ ನಿಗಾ ಇಡುವ ಅಲ್ಲಿನ ಕೇಂದ್ರ ಸಂಸ್ಥೆ ಎಟಿಎಫ್‌ನ ಲೆಕ್ಕದಲ್ಲಿ 2012–16ರಲ್ಲಿ 814 ಇದ್ದ ವಶವಾದ ಇಂಥ ಸಾಧನಗಳು 2017–21ರಲ್ಲಿ 5,454ಕ್ಕೆ ಏರಿದವು. ಅಂಚೆ ಪೊಟ್ಟಣದಲ್ಲಿ ಬರುವ, 3ಡಿ ಪ್ರಿಂಟರ್‌ನಲ್ಲಿ ಅಚ್ಚಾಗುವ ವಸ್ತುವನ್ನು ಗಡಿಯಲ್ಲಿ ಎಷ್ಟೆಂದು ಹಿಡಿಯುವುದು?

ಹಾಗಾಗಿ ಸ್ವಿಚ್ ಕೆಲಸ ಮಾಡದಂತೆ ತಡೆ ಪಿಸ್ತೂಲಿನೊಳಗೇ ಇರಬೇಕು. ಇದು ಹೊಸ ಮಾತೂ ಅಲ್ಲ. ಬೋಲ್ಟ್ (ಗುಂಡನ್ನು ನಳಿಗೆಗೆ ತಳ್ಳುವ ಭಾಗ) ಹಿಂದೆ ನಿಂತ ಸ್ಥಿತಿಯಿಂದಲೇ ಗುಂಡು ಹಾರಿಸುವ ಕೆಲವು ಪಿಸ್ತೂಲುಗಳನ್ನು ಸುಲಭವಾಗಿ ಮಾರ್ಪಡಿಸಬಹುದೆಂಬ ಕಾರಣಕ್ಕೆ 1982ರಲ್ಲಿ ಇದೇ ಎಟಿಎಫ್ ಮೆಷಿನ್‌ಗನ್ ಪಟ್ಟಿಗೆ ಸೇರಿಸಿತು. ತಯಾರಕರು ವಿನ್ಯಾಸ ಬದಲಿಸಿದರು, ಉದ್ಯಮವೇನೂ ಮುಳುಗಲಿಲ್ಲ. ಆದರೆ ಅದಕ್ಕೆ ಮೊದಲು ತಯಾರಾದವನ್ನು ಹಾಗೆಯೇ ಬಿಡಲಾಯಿತು. ಈಗಲೂ ತೊಡಕು ಅಲ್ಲೇ ಇದೆ: ಹೊಸ ‘ವಿ’ ಸರಣಿ ಸ್ವಿಚ್ ತಡೆಯುವಲ್ಲಿ ಎಷ್ಟೇ ಗಟ್ಟಿಯಿರಲಿ, ಜನರ ಕೈಯಲ್ಲಿರುವ ಹಳೆಯ ಪಿಸ್ತೂಲುಗಳನ್ನು ಅದು ಮುಟ್ಟುವುದಿಲ್ಲ.

ಇನ್ನು ‘ಗಟ್ಟಿ’ ಎಂದರೆ ಏನು? ಮನೆಯಲ್ಲಿರುವ ಉಪಕರಣ ಬಳಸಿ ಕಿತ್ತೆಸೆಯಬಹುದಾದ ತುಣುಕನ್ನು ಪಿಸ್ತೂಲಿಗೆ ಸೇರಿಸಿ ಕೈತೊಳೆದುಕೊಂಡರೆ ಅದು ಕಣ್ಣೊರೆಸುವ ಕೆಲಸ. ತಡೆಯನ್ನು ತೆಗೆದರೆ ಪಿಸ್ತೂಲೇ ಕೆಲಸಕ್ಕೆ ಬಾರದಂತಿರಬೇಕು. ಇದನ್ನು ಕಂಪನಿಯ ಮಾತಿನ ಮೇಲೆ ನಂಬದೆ ಸ್ವತಂತ್ರ ಪ್ರಯೋಗಾಲಯದಲ್ಲಿ, ಮಾರಾಟಕ್ಕೆ ಮೊದಲೇ ಪರೀಕ್ಷಿಸಬೇಕು. ಹಳೆಯ ಮಾದರಿಗಳ ಪಿಸ್ತೂಲು ಚೌಕಟ್ಟುಗಳನ್ನು ಬಿಡಿಭಾಗದ ಹೆಸರಲ್ಲಿ ಮಾರುವುದೂ ನಿಲ್ಲಬೇಕು. ಜೊತೆಗೆ, ಸ್ವಿಚ್ ಸಹಿತ ವಶವಾದ ಪ್ರತಿ ಪಿಸ್ತೂಲಿನ ಮಾದರಿ, ತಯಾರಿಯ ವರ್ಷ ಎರಡನ್ನೂ ಪೊಲೀಸರು ದಾಖಲಿಸಿ ಪ್ರಕಟಿಸಲಿ. ಆ ಎರಡು ವಿವರ ಇಲ್ಲದೆ ಹೊಸ ವಿನ್ಯಾಸ ಫಲ ಕೊಟ್ಟಿತೇ ಎಂದು ಅಳೆಯಲು ಯಾರಿಗೂ ಆಗದು.

– ಓದುಗ