ಶರಾವತಿ ದೋಣಿ ಪ್ರವಾಸ: ಇನ್ನು ಮುಂದೆ ‘ಬೆಳಿಗ್ಗೆ 8 ಗಂಟೆ’ ಇಲ್ಲ

ಪ್ರಿಯ ಗ್ರಾಹಕರೇ,

ಹೊನ್ನಾವರ ಪ್ರವಾಸಕ್ಕೆ ಹೆಸರು ಬರೆಸಿದವರಿಗೂ ಹಿಂದೆ ಬಂದು ಹೋದವರಿಗೂ ಈ ಪತ್ರ. ದೋಣಿ ಹೊರಡುವ ಹೊತ್ತು ಬದಲಾಗಿದೆ. ಇದುವರೆಗೆ ಯಾವ ವಾರವಾದರೂ ಬೆಳಿಗ್ಗೆ 8 ಗಂಟೆ ಅಂತ ಇತ್ತು. ಇನ್ನು ಒಂದೊಂದು ಪ್ರವಾಸಕ್ಕೆ ಒಂದೊಂದು ಹೊತ್ತು.

ತಪ್ಪು ನಮ್ಮದೇ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಕಳೆದ ಸಲ ಬಂದವರಿಗೆ ನೆನಪಿರುತ್ತದೆ. ಹುಣ್ಣಿಮೆ ಕಳೆದು ನಾಲ್ಕನೇ ದಿನ, ಸರಿಯಾಗಿ 8ಕ್ಕೆ ಹೊರಟೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ದೋಣಿ ಮರಳಿನ ಮೇಲೆ ಕೂತುಬಿಟ್ಟಿತು. ದೋಣಿಯವರು ಗಾಬರಿಯಾಗಲಿಲ್ಲ, “ಅಡ್ಡಿಲ್ರಾ, ನೀರೇ ಎತ್ತತದೆ” ಅಂದರು. ಎತ್ತಿತು ಕೂಡ, ಒಂದು ಗಂಟೆ ಬಿಸಿಲಲ್ಲಿ ಕಾದ ಮೇಲೆ. ನೀರು ಏರುವ ಹೊತ್ತಾಗಿದ್ದು ನಮ್ಮ ಪುಣ್ಯ. ಇಳಿಯುವಾಗ ಸಿಕ್ಕಿಕೊಂಡಿದ್ದರೆ ಮಧ್ಯಾಹ್ನದ ಊಟವೂ ಅಲ್ಲೇ ಆಗುತ್ತಿತ್ತು.

ತುಮಕೂರಿನವರಾದ ನಮಗೆ ನೀರು ಅಂದರೆ ಕೆರೆ ಅಲ್ವಾ? ಅಮಾನಿಕೆರೆ ಬೆಳಿಗ್ಗೆ ಒಂದು ಮಟ್ಟ, ಸಂಜೆ ಇನ್ನೊಂದು ಮಟ್ಟ ಇರುವುದಿಲ್ಲ. ಹೊನ್ನಾವರದಲ್ಲಿ ಶರಾವತಿ ಹಾಗಲ್ಲ. ಕಡಲು ಉಬ್ಬಿದಾಗ ಅಳಿವೆಯಿಂದ, ಅಂದರೆ ನದಿ ಕಡಲು ಸೇರುವ ಬಾಯಿಂದ, ನೀರು ಒಳಗೆ ನುಗ್ಗುತ್ತದೆ, ನದಿ ಮೇಲ್ಮುಖವಾಗಿ ಹರಿಯುತ್ತದೆ. ಸುಮಾರು 6 ಗಂಟೆ ಏರಿ, ಆಮೇಲೆ ಸುಮಾರು 6 ಗಂಟೆ ಇಳಿಯುತ್ತದೆ. ಚಂದ್ರ ದಿನಾ ತಡವಾಗಿ ಹುಟ್ಟುವಂತೆ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ವಾರಕ್ಕೆ ಅದು 6 ಗಂಟೆಯ ಹತ್ತಿರ ಆಯಿತು. ಅಂದರೆ ಒಂದು ಶನಿವಾರ 8 ಗಂಟೆಗೆ ಏರುತ್ತಿದ್ದ ನದಿ, ಮುಂದಿನ ಶನಿವಾರ ಅದೇ ಹೊತ್ತಿಗೆ ಇಳಿಯುತ್ತಿರುತ್ತದೆ. ನಾವು ಗೋಡೆ ಗಡಿಯಾರ ನೋಡಿ ಚೀಟಿ ಹರಿದು ಕೊಡುತ್ತಿದ್ದೆವು.

ಈಗಿನ ಲೆಕ್ಕ ಇಷ್ಟು: ಇಳಿತ ಮುಗಿದು ಎರಡು ಗಂಟೆ ಆದ ಮೇಲೆ ದೋಣಿ ಹೊರಡುತ್ತದೆ. ಹೋಗುವಾಗ ಉಬ್ಬರವೇ ತಳ್ಳುತ್ತದೆ. ನೀರು ತುಂಬಿ ತಿರುಗುವ ಹೊತ್ತಿಗೆ ನಾವೂ ತಿರುಗುತ್ತೇವೆ, ಬರುವಾಗ ಇಳಿತದ ಜೊತೆ. ಇಂಜಿನ್ ಸದ್ದು ಕಮ್ಮಿ. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಕಾಲುವೆಗಳಿಗೂ ನುಗ್ಗಬಹುದು, ನೀರು ಕಮ್ಮಿ ಇದ್ದಾಗ ಅಲ್ಲಿ ಬರೀ ಕೆಸರು. ಗೇರುಸೊಪ್ಪೆಯ ಕಾಳುಮೆಣಸು ಇದೇ ನದಿಯಲ್ಲಿ ಇಳಿದು ಕಡಲು ಸೇರುತ್ತಿತ್ತು. ಆಗಿನ ದೋಣಿಗಳಿಗೆ ಇಂಜಿನ್ ಎಲ್ಲಿತ್ತು? ಅವರೂ ಈ ನೀರನ್ನೇ ಕಾಯುತ್ತಿದ್ದಿರಬೇಕು.

ಇನ್ನೊಂದು ವಿಷಯ. ಅಳಿವೆ ದಾಟಿ ಕಡಲಿಗೆ ಹೋಗಿ, ಅಲ್ಲಿಂದ ನದಿಗೆ ನುಗ್ಗುವ ಭಾಗವನ್ನು ಕೈಬಿಟ್ಟಿದ್ದೇವೆ. ಮಕ್ಕಳಿಗೆ ಅದೇ ಇಷ್ಟ, ಗೊತ್ತು. ಆದರೆ ಅಳಿವೆಯ ಮರಳು ದಿಬ್ಬ ಇದ್ದಲ್ಲೇ ಇರುವುದಿಲ್ಲ. ಇಳಿತದ ಸೆಳೆತಕ್ಕೆ ಎದುರುಗಾಳಿ ಸಿಕ್ಕರೆ ಅಲೆ ಅಲ್ಲೇ ಒಡೆಯುತ್ತದೆ. ನಮ್ಮ ದೋಣಿ ಅದಕ್ಕೆ ಚಿಕ್ಕದು. ಕಡಲ ಕಡೆ ಹೋಗದೆ, ಸೇತುವೆಯಿಂದ ಒಳಗೆ ನದಿಯಲ್ಲೇ ದೋಣಿ ಹತ್ತೋಣ. ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲು ಸೇತುವೆ ಕೆಳಗಿನಿಂದ ನೋಡುವುದೂ ಸುಮ್ನೆ ಅಲ್ಲ.

ಬಸ್ಸು ಎಂದಿನಂತೆ ರಾತ್ರಿಯೇ ಹೊರಡುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ಅಲ್ಲಿ ನೀರು ತುಂಬುವುದು ಮಧ್ಯಾಹ್ನಕ್ಕೆ ಮುಂಚೆ, ಆಗ ನೇರ ಹೊನ್ನಾವರಕ್ಕೆ. ಉಬ್ಬರ ತಡವಾಗಿದ್ದರೆ ಮೊದಲು ಜೋಗ ನೋಡಿಕೊಂಡು ಘಾಟಿ ಇಳಿಯುತ್ತೇವೆ. ಅಷ್ಟಮಿಯ ವಾರ ಪ್ರವಾಸ ಇಟ್ಟುಕೊಳ್ಳುವುದಿಲ್ಲ. ಆಗ ಉಬ್ಬರವೂ ಸಪ್ಪೆ, ನಮಗೆ ಬೇಕಾದ ಹೊತ್ತಿಗೆ ಬರುವುದೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ರಜೆ ಮೊದಲಿನಂತೆ.

ದರ ಅದೇ. ಹೊಸ ಹೊತ್ತು ಆಗದವರಿಗೆ ಪೂರ್ತಿ ದುಡ್ಡು ವಾಪಸ್. ಮರಳಿನ ಮೇಲೆ ಕೂತಿದ್ದವರು ಇನ್ನೊಮ್ಮೆ ಬಂದರೆ ದೋಣಿಯ ಖರ್ಚು ನಮ್ಮದು. ಹಳೇ ಚೀಟಿ ಬಿಸಾಡಿದ್ದರೂ ಪರವಾಗಿಲ್ಲ, ಮುಖ ನೆನಪಿದೆ.

ಇಂತಿ,
ನಿಮ್ಮ ಪ್ರವಾಸದ ಆಫೀಸಿನವರು
ಬಿ.ಎಚ್. ರಸ್ತೆ (ಬೆಂಗಳೂರು–ಹೊನ್ನಾವರ ರಸ್ತೆ ಅಂತಲೇ ಅದರ ಅರ್ಥ), ತುಮಕೂರು