ರಬ್ಬರ್‌ನಿಂದ ಉಜ್ಜಿದ ತಪ್ಪಿಗೆ ರ‍್ಯಾಮ್‌ನ ವಾರಂಟಿ ನಿರಾಕರಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ಸಹಾಯವಾಣಿಗೆ ಏಳು ಸಲ ಕರೆ ಮಾಡಿದ್ದೇನೆ. ತೀರ್ಥಹಳ್ಳಿಯಿಂದ ಶಿವಮೊಗ್ಗದ ನಿಮ್ಮ ಸೇವಾ ಕೇಂದ್ರಕ್ಕೆ ಎರಡು ಸಲ ಬಸ್ಸಿನಲ್ಲಿ ಬಂದು ಹೋಗಿದ್ದೇನೆ. ಇನ್ನು ಬಾಯಿಮಾತು ಸಾಕು ಎಂದು ಈ ಪತ್ರ. ಬಿಲ್ಲಿನ ಪ್ರತಿ, ದೂರಿನ ಸಂಖ್ಯೆ, ಪರೀಕ್ಷೆಯ ಫೋಟೊಗಳು ಜೊತೆಗಿವೆ. ವಾರಂಟಿಯ ಷರತ್ತುಗಳನ್ನು ಮಾತ್ರ ಲಗತ್ತಿಸಿಲ್ಲ. ಬರೆದವರು ನೀವೇ ಆದ್ದರಿಂದ ಒಮ್ಮೆಯಾದರೂ ಓದಿರುತ್ತೀರಿ ಎಂದುಕೊಂಡಿದ್ದೇನೆ.

ನನ್ನದು ಸಣ್ಣ ಡಿಟಿಪಿ ಅಂಗಡಿ. ಕಳೆದ ವರ್ಷ ಕಂಪ್ಯೂಟರಿಗೆ, ಕೆಲಸದ ಹೊತ್ತಿನ ಮಾಹಿತಿ ಹಿಡಿದಿಡುವ, ನಿಮ್ಮ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಹಾಕಿಸಿದೆ. ಈ ಜೂನ್‌ನಿಂದ ಕಂಪ್ಯೂಟರ್ ಹೊತ್ತಲ್ಲದ ಹೊತ್ತಿನಲ್ಲಿ ನೀಲಿ ಪರದೆ ತೋರಿಸಿ ನಿಲ್ಲತೊಡಗಿತು. ಒಂದು ಲಗ್ನಪತ್ರಿಕೆಯ ಫೈಲ್ ಉಳಿಸಿದ ಮೇಲೆ ತೆರೆಯಲೇ ಇಲ್ಲ. ಎರಡೂ ಕಡೆಯ ಅಜ್ಜ, ಅಜ್ಜಿ, ಸೋದರಮಾವಂದಿರ ಹೆಸರುಗಳನ್ನು ರಾತ್ರಿ ಕುಳಿತು ಮತ್ತೆ ಟೈಪ್ ಮಾಡಿದೆ.

ವಿಂಡೋಸ್ ಹೊಸದಾಗಿ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷೆಯ ತಂತ್ರಾಂಶ ಓಡಿಸಿದರೆ ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲು. ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಹೆಚ್ಚು ವೇಗದ ಆಯ್ಕೆ ತೆಗೆದು ವೇಗವನ್ನು 3200ರಿಂದ 2400ಕ್ಕೆ ಇಳಿಸಿ, ಒಂದೊಂದನ್ನೇ ಹಾಕಿ ಪರೀಕ್ಷಿಸಿದೆ. ಒಂದು ರ‍್ಯಾಮ್ ಯಾವ ಸ್ಲಾಟ್‌ನಲ್ಲಿಟ್ಟರೂ ನಾಲ್ಕು ಸುತ್ತನ್ನೂ ತಪ್ಪಿಲ್ಲದೆ ಮುಗಿಸಿತು. ಇನ್ನೊಂದು ಯಾವ ಸ್ಲಾಟ್‌ನಲ್ಲಿಟ್ಟರೂ ಮೊದಲ ಸುತ್ತಿನಲ್ಲೇ ಸೋತಿತು. ಹಾಗಾಗಿ ದೋಷ ಸ್ಲಾಟ್‌ನದಲ್ಲ, ಬೋರ್ಡಿನದೂ ಅಲ್ಲ. ಇದಕ್ಕೆ ಮೂರು ರಾತ್ರಿ ಹಿಡಿಯಿತು. ನಡುವೆ ಎರಡು ಸಲ ಕರೆಂಟ್ ಹೋಗಿ ಮೊದಲಿನಿಂದ ಶುರು ಮಾಡಿದ್ದು ನಿಮ್ಮ ತಪ್ಪಲ್ಲ, ಆ ದೂರು ಬೇರೆಯವರ ಮೇಲೆ.

ಇಷ್ಟನ್ನೂ ಹೇಳಿದಾಗ ನಿಮ್ಮ ಸಹಾಯವಾಣಿಯ ಹೆಣ್ಣುಮಗಳು, "ರ‍್ಯಾಮಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ನೋಡಿ ಸರ್" ಎಂದರು. ಉಜ್ಜಿದೆ. ಕೆಂಪು ಸಾಲುಗಳು ಹಾಗೆಯೇ ಇದ್ದವು. ಪ್ರತಿ ಕರೆಯನ್ನೂ ಧ್ವನಿಮುದ್ರಿಸುವುದಾಗಿ ನೀವೇ ಹೇಳುತ್ತೀರಲ್ಲ, ದಯವಿಟ್ಟು ತೆಗೆದು ಕೇಳಿ.

ಈಗ ಕೌಂಟರಿನ ಕಥೆ. ಮೊದಲ ಸಲ "ಇಂಜಿನಿಯರ್ ರಜೆ" ಎಂದು ಕಳಿಸಿದರು, ಹೋಗಲಿ. ಎರಡನೆಯ ಸಲ ಐವತ್ತು ನಿಮಿಷ ಕಾದ ಮೇಲೆ ನನ್ನ ಸರದಿ ಬಂತು. ನಿಮ್ಮ ಹುಡುಗ ರ‍್ಯಾಮನ್ನು ಕವರಿನಿಂದ ತೆಗೆದು, ಚಹಾದ ಲೋಟ ಉಂಗುರ ಬಿಟ್ಟಿದ್ದ ಮೇಜಿನ ಮೇಲೆ, ಸರಿಯಾಗಿ ಆ ಉಂಗುರದ ನಡುವೆಯೇ ಇಟ್ಟ. ಆಮೇಲೆ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಎರಡು ನಿಮಿಷದಲ್ಲಿ ವಿಂಡೋಸ್ ತೆರೆದುಕೊಂಡಿತು. "ಯಜಮಾನರೇ, ಆನ್ ಆಗುತ್ತದಲ್ಲ, ಇನ್ನೇನು ಬೇಕು ನಿಮಗೆ?" ಎಂದ.

ಆನ್ ಆಗುವುದಕ್ಕೂ ಸರಿಯಿರುವುದಕ್ಕೂ ವ್ಯತ್ಯಾಸವಿದೆ, ಕೆಟ್ಟ ಜಾಗಕ್ಕೆ ಕೆಲಸ ಬಿದ್ದಾಗಲೇ ತಪ್ಪು ಕಾಣುವುದು ಎಂದು ಹೇಳಿ ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಅದನ್ನು ಪಕ್ಕದವನಿಗೆ ತಿರುಗಿಸಿ, "ಇವರು ಮನೆಯಲ್ಲೇ ಲ್ಯಾಬ್ ಇಟ್ಟಿದ್ದಾರೆ ನೋಡು" ಎಂದ. ಸಾಲಿನಲ್ಲಿದ್ದ ಕಾಲೇಜು ಮಕ್ಕಳು ನಕ್ಕರು. "ತೀರ್ಥಹಳ್ಳಿಯಾ? ನಿಮ್ಮ ಕಡೆ ಮಳೆ ಜಾಸ್ತಿ, ಥಂಡಿಗೆ ಹೋಗಿರುತ್ತದೆ" ಎಂಬ ಸಂಶೋಧನೆಯೂ ಆಯಿತು. ಅದೇ ಪೆಟ್ಟಿಗೆಯಲ್ಲಿ, ಅದರ ಮಗ್ಗುಲಲ್ಲೇ ಕುಳಿತ ಜೋಡಿಗೆ ಶೀತ ನೆಗಡಿ ಏನೂ ಆಗಿಲ್ಲವಲ್ಲ ಎಂದೆ. ಆಗ ಮುಖ ಗಂಟಿಕ್ಕಿ ಭೂತಗನ್ನಡಿ ತಂದ. ಪಟ್ಟಿಗಳ ಮೇಲೆ ಉಜ್ಜಿದ ಗುರುತು ಸಿಕ್ಕಿತು. ಜಾಬ್ ಶೀಟಿನಲ್ಲಿ ಬರೆದ: "ಗ್ರಾಹಕರಿಂದ ಹಾನಿ. ವಾರಂಟಿ ಅನ್ವಯಿಸುವುದಿಲ್ಲ." ಉಜ್ಜಲು ಹೇಳಿದ್ದು ನಿಮ್ಮವರೇ ಎಂದರೆ, "ಸಹಾಯವಾಣಿ ಬೇರೆ, ನಾವು ಬೇರೆ" ಎಂದು ನನ್ನ ಹಿಂದಿನವರನ್ನು ಕರೆದ. ಬಸ್ಸು ಮಂಡಗದ್ದೆ ದಾಟಿದರೂ ನನ್ನ ಕಿವಿ ಬಿಸಿಯಾಗಿಯೇ ಇತ್ತು.

ಸಂಯಮದಿಂದ ಬರೆಯಬೇಕೆಂದು ಕುಳಿತವನು ನಾನು. ಆದರೆ ಒಂದೇ ಹೆಸರಿನ ಫಲಕದ ಕೆಳಗೆ ಒಬ್ಬರು ಉಜ್ಜಿಸುವುದು, ಇನ್ನೊಬ್ಬರು ಉಜ್ಜಿದ್ದಕ್ಕೆ ದಂಡ ಹಾಕುವುದು ಬಹಳ ಚೊಕ್ಕವಾದ ವ್ಯಾಪಾರ ಎಂದು ಒಪ್ಪಲೇಬೇಕು.

ಹದಿನೈದು ದಿನದೊಳಗೆ ಬದಲಿ ರ‍್ಯಾಮ್ ಕಳಿಸಿ, ಜಾಬ್ ಶೀಟಿನ ಆ ಸಾಲನ್ನು ಲಿಖಿತವಾಗಿ ಹಿಂಪಡೆಯಿರಿ. ನಿಜ ಹೇಳಬೇಕೆಂದರೆ ರ‍್ಯಾಮ್ ಬಾರದಿದ್ದರೂ ನನ್ನ ಕೆಲಸ ನಿಲ್ಲುವುದಿಲ್ಲ. ಬೇರೆ ಕಂಪನಿಯದ್ದನ್ನು ಆಗಲೇ ಹಾಕಿಸಿಕೊಂಡಿದ್ದೇನೆ. ಆ ಸಾಲು ಮಾತ್ರ ಹೋಗಬೇಕು. ಹೋಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬಸ್ಸಿನ ದಾರಿ ನನಗೆ ಈಗ ಚೆನ್ನಾಗಿ ಅಭ್ಯಾಸವಾಗಿದೆ. ನಿಮ್ಮವರು ಬೆಂಗಳೂರಿನಿಂದ ಬರಬೇಕಾದೀತು. ಮಳೆಗಾಲ, ಕೊಡೆ ತರಲು ಹೇಳಿ.

ಆ ರಬ್ಬರ್ ತುಂಡನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ. ಸಾಕ್ಷಿಯಾಗಿ ಅದನ್ನೂ ತರುತ್ತೇನೆ.

ಇಂತಿ,
ತೀರ್ಥಹಳ್ಳಿಯ "ಯಜಮಾನರು"